ಪಥ್ಯ ತಪ್ಪಿದವರು ಯಾರು?

ನಮ್ಮ ದೊಡ್ಡವ್ವ ಮೂರನೆಯ ಸಲ ಆಸ್ಪತ್ರೆಗೆ ಸೇರಿದ ದಿನ ಅವಳ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರು. ಮನೆಯಲ್ಲಿ ಮೊದಲು ಪದವಿ ಪಡೆದವರು ನಾವಾದ್ದರಿಂದ ಅದನ್ನು ಓದಿ ಹೇಳುವ ಕೆಲಸ ನಮಗೇ ಬಂತು. ರೋಗಿ ಹೇಳಿದಂತೆ ಕೇಳಿಲ್ಲ, ಮಾತ್ರೆ ಬಿಟ್ಟಿದ್ದಾಳೆ, ಪಥ್ಯ ಮಾಡಿಲ್ಲ ಎಂಬುದು ಆ ಸಾಲಿನ ತಾತ್ಪರ್ಯ. ದೊಡ್ಡವ್ವ ಮಂಚದ ಮೇಲೆ ಕೂತೇ ಇದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. "ಏನಂತೆ ಮಗ?" ಅಂದಳು. ಹೇಳಿದೆವು. ತಲೆ ತಗ್ಗಿಸಿದಳು. "ಊ ಕನಪ್ಪ, ನಂದೇ ತೆಪ್ಪು" ಅಂದಳು.

ಆ ಹೊತ್ತಿನಲ್ಲಿ ನಾವೂ ಅವಳ ಮೇಲೆ ರೇಗಿದೆವು. "ಎಷ್ಟ್ ಸಲ ಹೇಳ್ಬೇಕು ನಿಂಗೆ?" ಎಂದೆವು. ಡಾಕ್ಟರ ಮುಂದೆ ನಮ್ಮ ಮರ್ಯಾದೆ ಹೋಯಿತೆಂಬ ಸಿಟ್ಟು ಅದು. ಡಾಕ್ಟರು ನಮ್ಮನ್ನು 'ನೀವು' ಎಂದಿದ್ದರು. ಅರವತ್ತು ದಾಟಿದ ದೊಡ್ಡವ್ವನನ್ನು 'ನೀನು' ಎಂದಿದ್ದರು. ನಾವೂ ಮನೆಯಲ್ಲಿ ಅವಳನ್ನು ಏಕವಚನದಲ್ಲೇ ಕರೆಯುವುದು. ಅದು ಮಡಿಲಲ್ಲಿ ಬೆಳೆದ ಸಲಿಗೆ. ಆಸ್ಪತ್ರೆಯ ಏಕವಚನದ ಜಾತಿಯೇ ಬೇರೆ. ತೊಟ್ಟ ಪ್ಯಾಂಟು ಮತ್ತು ನಾಲ್ಕು ಇಂಗ್ಲಿಷ್ ಮಾತು ನಮಗೆ ತಂದುಕೊಟ್ಟ ಬಹುವಚನದ ರುಚಿ ಹತ್ತಿ, ನಾವು ಅವಳ ಕಡೆ ನಿಲ್ಲದೆ ಚೀಟಿಯ ಕಡೆ ನಿಂತೆವು. ಅವಳು ಆ ಸಲ ಸರಗೂರಿಗೆ ಜೀವಂತ ಮರಳಲಿಲ್ಲ. ತಪ್ಪು ತನ್ನದೇ ಎಂದು ಒಪ್ಪಿಕೊಂಡೇ ಹೋದಳು.

ಗೆಳೆಯರೇ, ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಸಿಟ್ಟು ಒಂದು ಕಟ್ಟಡದ ಮೇಲೆ ಸುರಿದು ಮುಗಿದುಹೋಗುತ್ತದೆ. ನಮಗೆ ಬೇಕಾದದ್ದು ಒಂದು ಪ್ರಶ್ನೆಗೆ ಉತ್ತರ: ಪಥ್ಯ ತಪ್ಪಿದವರು ನಿಜಕ್ಕೂ ಯಾರು?

ಮೊದಲು ಕಾಯಿಲೆಯನ್ನೇ ತಿಳಿಯೋಣ. ಅದರ ಹೆಸರು ಹೃದಯ ವೈಫಲ್ಯ. ಹೆಸರು ಕೇಳಿದವರು ಎದೆಬಡಿತ ನಿಂತೇಹೋಯಿತೆಂದು ತಿಳಿಯುತ್ತಾರೆ. ಹಾಗಲ್ಲ, ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ರಕ್ತವನ್ನು ಮುಂದಕ್ಕೆ ನೂಕುವ ಕೆಲಸದಲ್ಲಿ ಸೋಲುತ್ತದೆ. ಸರಗೂರಿನವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿಯ ಅಣೆಕಟ್ಟೆ ಮುಗಿಯಿತು. ಮುಂದೆ ಹರಿಯಲಾಗದ ನೀರು ಹಿಂದಕ್ಕೆ ಏರಿತು. ಹೊಲ, ಹಟ್ಟಿ, ಕಾಡು ಮುಳುಗಿದವು. ಸೋತ ಹೃದಯದ ಹಿಂದೆಯೂ ಇಂಥದೇ ಹಿನ್ನೀರು ಏಳುತ್ತದೆ. ಅದು ಶ್ವಾಸಕೋಶಕ್ಕೆ ಏರಿದರೆ ಏದುಸಿರು, ಕಾಲಿಗೆ ಇಳಿದರೆ ಊತ. ದೇಹದಲ್ಲಿ ಉಪ್ಪು ಹೆಚ್ಚಿದಷ್ಟೂ ನೀರು ನಿಲ್ಲುತ್ತದೆ. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿ ತೆಗೆದರೆ ಅಲ್ಲಿ ಗುಳಿ ಬಿದ್ದು ಹಾಗೇ ಉಳಿಯುತ್ತದೆ. ಈ ಪರೀಕ್ಷೆಗೆ ಕರೆಂಟು ಬೇಡ, ಯಂತ್ರ ಬೇಡ. ಇನ್ನೊಬ್ಬರ ಕಾಲು ಮುಟ್ಟಲು ಒಪ್ಪುವ ಒಂದು ಹೆಬ್ಬೆರಳು ಸಾಕು.

ಇದಕ್ಕೆ ಸಕ್ಕರೆ ಕಾಯಿಲೆ ಜೊತೆಗೂಡಿದರೆ ಕಷ್ಟ ಇಮ್ಮಡಿ. ಸಕ್ಕರೆ ಹೃದಯದ ರಕ್ತನಾಳವನ್ನೂ ಸ್ನಾಯುವನ್ನೂ ಕೆಡಿಸುತ್ತದೆ, ನೀರನ್ನು ಹೊರಹಾಕಬೇಕಾದ ಮೂತ್ರಪಿಂಡವನ್ನೂ ಕೆಡಿಸುತ್ತದೆ. ನರಗಳು ಮಂಕಾಗಿ ಹೃದಯಾಘಾತ ಕೂಡ ನೋವಿಲ್ಲದೆ ಬಂದುಹೋಗಬಹುದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ವೈದ್ಯರು 1974ರಲ್ಲೇ ಒಂದು ಸಂಗತಿ ಬರೆದರು. ಸಕ್ಕರೆ ಕಾಯಿಲೆಯಿರುವ ಗಂಡಸರಿಗೆ ಹೃದಯ ವೈಫಲ್ಯ ಬರುವ ಸಂಭವ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು, ಹೆಂಗಸರಿಗೆ ಐದು ಪಟ್ಟು. ಕಬಿನಿಯ ಕಟ್ಟೆ ಮುಗಿದ ವರ್ಷದಲ್ಲೇ ಲೋಕಕ್ಕೆ ತಿಳಿದಿದ್ದ ಈ ಮಾತು ನಮ್ಮ ಹಟ್ಟಿಗೆ ಇನ್ನೂ ತಲುಪಿಲ್ಲ. ಅಲ್ಲಿ ಇವತ್ತಿಗೂ ಕಾಲೂತ ಎಂದರೆ 'ನಂಜು', ಏದುಸಿರು ಎಂದರೆ 'ವಯಸ್ಸಾಯ್ತು'.

ಕಾಯಿಲೆ ಎರಡಾದರೂ ಮೈ ಒಂದೇ. ಆಸ್ಪತ್ರೆಯಲ್ಲಿ ಮಾತ್ರ ಆ ಮೈಯನ್ನು ಕೇರಿ ಕೇರಿಯಾಗಿ ಹಂಚಿದ್ದಾರೆ. ದೊಡ್ಡವ್ವ ಸಕ್ಕರೆಗೆ ಒಂದು ದಿನ ಒಂದು ಸಾಲಿನಲ್ಲಿ ನಿಲ್ಲಬೇಕಿತ್ತು, ಎದೆಗೆ ಇನ್ನೊಂದು ದಿನ ಇನ್ನೊಂದು ಸಾಲಿನಲ್ಲಿ. ಎರಡು ದಿನದ ಬಸ್ಸು, ಎರಡು ದಿನದ ಕೂಲಿ ಹಾಳು. ಎದೆಯ ಕೋಣೆಯವರಿಗೆ ಸಕ್ಕರೆಯ ಚೀಟಿ ಬೇಡ, ಸಕ್ಕರೆಯ ಕೋಣೆಯವರಿಗೆ ಎದೆಯ ಚೀಟಿ ಬೇಡ. ಇದು ಬರೀ ತೊಂದರೆಯ ಮಾತಲ್ಲ, ಅಪಾಯದ ಮಾತು. ಪಯೋಗ್ಲಿಟಜೋನ್ ಎಂಬ ಸಕ್ಕರೆ ಮಾತ್ರೆ ದೇಹದಲ್ಲಿ ನೀರು ನಿಲ್ಲಿಸುತ್ತದೆ, ಹೃದಯ ಸೋತವರಿಗೆ ಅದನ್ನು ಕೊಡಬಾರದು. ಹಾಗೆಯೇ ಡಪಾಗ್ಲಿಫ್ಲೋಜಿನ್ ಎಂಬ ಇನ್ನೊಂದು ಸಕ್ಕರೆ ಮಾತ್ರೆ ಸೋತ ಹೃದಯವನ್ನೂ ಕಾಯುತ್ತದೆ, ಸಕ್ಕರೆ ಕಾಯಿಲೆ ಇಲ್ಲದವರಿಗೂ ಕಾಯುತ್ತದೆ ಎಂದು 2019ರಲ್ಲಿ ದೊಡ್ಡ ಪ್ರಯೋಗವೊಂದು ತೋರಿಸಿತು. ಭಾರತದಲ್ಲಿ ಅದರ ಪೇಟೆಂಟ್ 2020ರಲ್ಲಿ ಮುಗಿಯಿತು. ಅದೇ ಜಾತಿಯ ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2025ರ ಮಾರ್ಚಿನಲ್ಲಿ ಮುಗಿಯಿತು. ಹಲವು ಕಂಪನಿಗಳು ತಯಾರಿಸತೊಡಗಿ ಬೆಲೆ ಇಳಿದಿದೆ. ಯಾವ ಮಾತ್ರೆ ಯಾರಿಗೆ ಎಂಬುದನ್ನು ವೈದ್ಯರೇ ಹೇಳಬೇಕು, ಓದಿದವರು ಇದನ್ನು ನೋಡಿ ಮನೆಯಲ್ಲಿ ಮಾತ್ರೆ ಬದಲಿಸಬಾರದು. ಆದರೆ ಹೇಳಬೇಕಾದ ಇಬ್ಬರು ವೈದ್ಯರು ಒಬ್ಬರ ಚೀಟಿಯನ್ನು ಇನ್ನೊಬ್ಬರು ಓದದಿದ್ದರೆ ಪಥ್ಯ ತಪ್ಪಿದ್ದು ಯಾರದು?

ಈಗ ದೊಡ್ಡವ್ವನ 'ತೆಪ್ಪು'ಗಳಿಗೆ ಬರೋಣ. ನೀರಿಳಿಸುವ ಮಾತ್ರೆಯನ್ನು ಅವಳು ಬಿಟ್ಟಿದ್ದು ನಿಜ. ಯಾಕೆ ಬಿಟ್ಟಳೆಂದು ಆಸ್ಪತ್ರೆ ಕೇಳಲಿಲ್ಲ. ನಾವೂ ಕೇಳಿದ್ದು ತಡವಾಗಿ, ಆ ಮಂಚದ ಪಕ್ಕ ಕಳೆದ ಕೊನೆಯ ರಾತ್ರಿ. "ಅದ ನುಂಗುದ್ರೆ ಗಳ್ಗೆಗೊಂದ್ಸಲ ಉಚ್ಚೆಗ್ ಎದ್ದೋಗ್ಬೇಕು ಕನ್ ಮಗ. ಸುಂಟಿ ಒಲದಲ್ಲಿ ಎಲ್ಲಿಗೋಗನ? ಸುತ್ತ ಗಂಡಾಳುಗಳು. ಮೇಸ್ತ್ರಿ ಬ್ಯಾರೆ ನಿಂತಿರ್ತಾನೆ" ಅಂದಳು. ಬಯಲಲ್ಲಿ ಕೂರುವ ನಾಚಿಕೆ, ಕೆಲಸ ಬಿಟ್ಟೆದ್ದರೆ ನಾಳೆ ಕೂಲಿಗೆ ಕರೆಯುವುದಿಲ್ಲವೆಂಬ ಭಯ. ಇವೆರಡರ ನಡುವೆ ಮಾತ್ರೆ ಸೀರೆಯ ಸೆರಗಿನ ಗಂಟಿನಲ್ಲೇ ಉಳಿಯಿತು.

ಸಕ್ಕರೆ ಮಾತ್ರೆಯನ್ನೂ ಬಿಟ್ಟಿದ್ದಳು. ಅದನ್ನು ನುಂಗಿ ಹೊಟ್ಟೆಗೆ ಏನೂ ಬೀಳದಿದ್ದರೆ ಕೈಕಾಲು ನಡುಗಿ, ಬೆವರು ಕಿತ್ತು, ಕಣ್ಣು ಕತ್ತಲೆಯಾಗುತ್ತಿತ್ತು. ಸಕ್ಕರೆ ತೀರಾ ಇಳಿದಾಗ ಆಗುವುದೇ ಅದು. ಊಟ ಇಷ್ಟು ಹೊತ್ತಿಗೆ ಎಂದು ಗೊತ್ತಿರುವವರಿಗೆ ಬರೆದ ಮಾತ್ರೆಯನ್ನು ಊಟದ ಹೊತ್ತೇ ಗೊತ್ತಿಲ್ಲದವಳ ಕೈಗೆ ಕೊಟ್ಟಿದ್ದರು. ಇನ್ನು ಉಪ್ಪು. ಅಚ್ಚು ಹಾಕಿಸಿದ ಪಥ್ಯದ ಹಾಳೆಯಲ್ಲಿ ಓಟ್ಸ್ ಇತ್ತು, ಸೇಬು ಇತ್ತು. ಮುದ್ದೆ, ಉಪ್ಸಾರು, ಒಣಮೀನು ಇರಲಿಲ್ಲ. ಸಾರಿಗೆ ಕಾಳಿಲ್ಲದ ದಿನ ಉಪ್ಪು ಮೆಣಸಿನಕಾಯಿ ಅರೆದು ಮುದ್ದೆ ನುಂಗುವ ಮನೆಯ ವಿಷಯ ಆ ಹಾಳೆಗೆ ಗೊತ್ತೇ ಇಲ್ಲ. ನಮ್ಮವರ ತಟ್ಟೆಯಲ್ಲಿ ಉಪ್ಪು ರುಚಿಗಾಗಿ ಬಂದದ್ದಲ್ಲ, ಸಾರು ಇಲ್ಲದ ಜಾಗವನ್ನು ತುಂಬಲು ಬಂದದ್ದು.

ಮಾತ್ರೆ ಬಿಟ್ಟದ್ದಕ್ಕೂ ಉಪ್ಪು ತಿಂದದ್ದಕ್ಕೂ ಹೀಗೆ ಒಂದೊಂದಕ್ಕೂ ಕಾರಣವಿದೆ. ಕೂಲಿಯ ಕಾರಣ, ಹಸಿವಿನ ಕಾರಣ, ಹೆಣ್ಣಾದ ಕಾರಣ, ಕಕ್ಕಸಿಲ್ಲದ ಕಾರಣ. ಆ ಚೀಟಿ ಇದಿಷ್ಟನ್ನೂ ಒರೆಸಿಹಾಕಿ ಒಂದೇ ಕಾರಣ ಬರೆಯಿತು: ರೋಗಿ. ಇದನ್ನು ನಾವು ಎಲ್ಲೋ ಕೇಳಿದ್ದೇವೆ ಅನ್ನಿಸುವುದಿಲ್ಲವೇ? ನಮ್ಮ ತಾತಂದಿರು ಹಸಿದಾಗ, ಹೊಲೆಯ ಮಾದಿಗರೆಂದು ಊರಾಚೆ ಬದುಕಿದಾಗ, ಪುರೋಹಿತಶಾಹಿ ಅದಕ್ಕೆ ಕೊಟ್ಟ ಕಾರಣವೂ ಇದೇ ಬಗೆಯದು. ಹಿಂದಿನ ಜನ್ಮದಲ್ಲಿ ಏನೋ ಮಾಡಿದ್ದೀಯ, ಈಗ ಅನುಭವಿಸು. ಮಾಡಿದವರು ಪಾರಾದರು, ಉಂಡವರು ಅಪರಾಧಿಗಳಾದರು. ಆ ಕರ್ಮ ಸಿದ್ಧಾಂತವನ್ನು ನಾವು ಸುಟ್ಟೆವೆಂದು ಸಭೆಗಳಲ್ಲಿ ಹೇಳಿಕೊಂಡೆವು. ಅದು ಬಿಳಿ ಕೋಟು ತೊಟ್ಟು ಬಂದಾಗ ಗುರುತು ಹಿಡಿಯಲಿಲ್ಲ. ಹಳೆಯ ಕರ್ಮಕ್ಕೆ ಹಿಂದಿನ ಜನ್ಮ ಬೇಕಿತ್ತು, ಹೊಸ ಕರ್ಮಕ್ಕೆ ನಿನ್ನೆಯ ಊಟ ಸಾಕು.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಕಾಠಿಯಾವಾಡದ ಒಬ್ಬ ದಲಿತ ಶಾಲಾ ಮಾಸ್ತರನ ಕಾಗದವನ್ನು ನೆನೆಯುತ್ತಾರೆ. ಅದು 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿತ್ತು. ಹೆತ್ತ ಎರಡನೆಯ ದಿನಕ್ಕೇ ಮಾಸ್ತರನ ಹೆಂಡತಿಗೆ ಕಾಯಿಲೆಯಾಯಿತು, ಉಸಿರಾಡುವುದು ಕಷ್ಟವಾಯಿತು. ಡಾಕ್ಟರು ಕೇರಿಯೊಳಗೆ ಬರಲು ಒಪ್ಪಲಿಲ್ಲ. ಎರಡು ರೂಪಾಯಿ ಫೀಜಿಗೆ ಕೇರಿಯ ಹೊರಗೆ ಬಂದು ನಿಂತರು. ಬಾಣಂತಿಯನ್ನೇ ಹೊರಗೆ ಕರೆತರಬೇಕಾಯಿತು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟರು, ಅವನು ಗಂಡನಿಗೆ ಕೊಟ್ಟ, ಗಂಡ ಹೆಂಡತಿಗೆ ಕೊಟ್ಟ. ಅದು ಬಂದ ದಾರಿಯಲ್ಲೇ ವಾಪಸು ಹೋಯಿತು. ದೀಪದ ಬೆಳಕಿಗೆ ಹಿಡಿದು ನೋಡಿ ನ್ಯುಮೋನಿಯಾ ಎಂದರು. ಮುಂದೆ ಆ ಡಾಕ್ಟರು ಬರಲೊಪ್ಪಲಿಲ್ಲ, ಬಾಣಂತಿ ಸತ್ತಳು. ಉಸಿರು ಕಟ್ಟಿದವಳ ಎದೆಯನ್ನು ಯಾರೂ ಮುಟ್ಟಲಿಲ್ಲ.

ಇಂದಿನ ಆಸ್ಪತ್ರೆಯಲ್ಲಿ ಮೈಲಿಗೆಯ ಹೆಸರು ಯಾರೂ ಎತ್ತುವುದಿಲ್ಲ. ದೊಡ್ಡವ್ವನನ್ನು ಸೂಜಿ ಮುಟ್ಟಿತು, ಯಂತ್ರ ಮುಟ್ಟಿತು. ಆದರೆ ಎರಡನೆಯ ಸಲ ಮನೆಗೆ ಕಳಿಸುವಾಗ ಅವಳ ಕಾಲಿನ ಮೇಲೆ ಒಂದು ಹೆಬ್ಬೆರಳೂ ಊರಲಿಲ್ಲ. ಊತ ಇಳಿದಿರಲೇ ಇಲ್ಲ. ಮಂಚ ಬೇಕಿತ್ತು, ಕಳಿಸಿದರು. ಜಾತಿಯಿಂದ ಹೀಗಾಯಿತೋ, ಬಡತನದಿಂದಲೋ, ಅವಸರದಿಂದಲೋ ಎಂದು ಬಿಡಿಸಿ ಹೇಳಲು ನಮ್ಮಿಂದಾಗದು. ಮೂರೂ ಒಂದೇ ಹಗ್ಗದ ಎಳೆಗಳು.

ಒಂದು ಮಾತು ನೆನಪಿಡಬೇಕು. ಬಾಬಾಸಾಹೇಬರೂ ಸಕ್ಕರೆ ಕಾಯಿಲೆಯವರೇ. ಕೊನೆಯ ವರ್ಷಗಳಲ್ಲಿ ಕಾಲುನೋವು, ಮಂದವಾಗುತ್ತಿದ್ದ ಕಣ್ಣು, ಇನ್ಸುಲಿನ್ ಚುಚ್ಚು ಇವುಗಳ ನಡುವೆಯೇ ಅವರು ಬರೆದರು. 1948ರಲ್ಲಿ ಅವರನ್ನು ಮದುವೆಯಾದ ಸವಿತಾ ಅಂಬೇಡ್ಕರ್ ಸ್ವತಃ ವೈದ್ಯೆ. ಮನೆಯಲ್ಲೇ ವೈದ್ಯೆಯಿದ್ದ, ಲೋಕದ ಪುಸ್ತಕಗಳನ್ನೆಲ್ಲ ಓದಿದ್ದ ಆ ಮಹಾಜ್ಞಾನಿಯನ್ನೂ ಈ ಕಾಯಿಲೆ ಹಣ್ಣು ಮಾಡಿತು. ಹಾಗಿರುವಾಗ ಗುಡಿಸಲಲ್ಲಿ ಒಬ್ಬಂಟಿಯಾಗಿ ಅದನ್ನು ಎದುರಿಸಿದ ಹೆಂಗಸಿಗೆ ಶಿಸ್ತಿಲ್ಲ ಎನ್ನುವ ಬಾಯಿಗೆ ಏನು ಹೇಳೋಣ?

ಬಾಬಾಸಾಹೇಬರು ಕೊನೆಗೆ ಹಿಡಿದ ದಾರಿಯಲ್ಲೇ ನಮ್ಮ ಪ್ರಶ್ನೆಗೆ ಒಂದು ಉತ್ತರ ಸಿಗುತ್ತದೆ. ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಹೊಟ್ಟೆಯ ಕಾಯಿಲೆಯಿಂದ ಒಬ್ಬ ಭಿಕ್ಕು ತನ್ನ ಮಲಮೂತ್ರದಲ್ಲೇ ಬಿದ್ದಿದ್ದಾನೆ, ಯಾರೂ ನೋಡುವವರಿಲ್ಲ. ಯಾಕೆ ನೋಡುತ್ತಿಲ್ಲ ಎಂದು ಬುದ್ಧ ಕೇಳಿದರೆ, ಅವನಿಂದ ನಮಗೇನೂ ಉಪಯೋಗವಿಲ್ಲ ಎಂಬ ಅರ್ಥದ ಉತ್ತರ ಬರುತ್ತದೆ. ಬುದ್ಧ ಆನಂದನಿಂದ ನೀರು ತರಿಸಿ, ತಾನೇ ನೀರು ಹಾಕಿ ಆ ರೋಗಿಯ ಮೈ ತೊಳೆಸುತ್ತಾನೆ, ಇಬ್ಬರೂ ಸೇರಿ ಎತ್ತಿ ಹಾಸಿಗೆಯ ಮೇಲೆ ಮಲಗಿಸುತ್ತಾರೆ. ಆ ಮೇಲೆ ಬರುವ ಮಾತು ನಮಗೆ ಮುಖ್ಯ. ಆರೈಕೆಗೆ ಒಗ್ಗದ ರೋಗಿಯ ಐದು ಲಕ್ಷಣಗಳನ್ನು ಅಲ್ಲಿ ಎಣಿಸಿದೆ. ಪಥ್ಯ ಬಿಡುವುದು, ಮದ್ದು ತೆಗೆದುಕೊಳ್ಳದಿರುವುದು, ಕಾಯಿಲೆಯ ನಿಜ ಹೇಳದಿರುವುದು ಅದರಲ್ಲಿವೆ. ಅಂದರೆ ರೋಗಿಗೂ ಹೊಣೆಯುಂಟು. ಆದರೆ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಆರೈಕೆಗೆ ತಕ್ಕವನಲ್ಲದ ಪರಿಚಾರಕನ ಲಕ್ಷಣಗಳನ್ನೂ ಐದು ಎಣಿಸಿದೆ. ಮದ್ದು ಸಿದ್ಧಮಾಡಲು ಬಾರದವನು, ಯಾವುದು ಒಗ್ಗುತ್ತದೆ ಯಾವುದು ಒಗ್ಗದು ಎಂದು ತಿಳಿಯದವನು, ಲಾಭಕ್ಕಾಗಿ ನೋಡುವವನು, ಮಲಮೂತ್ರಕ್ಕೆ ಅಸಹ್ಯಪಡುವವನು, ಒಳ್ಳೆಯ ಮಾತಿನಿಂದ ಧೈರ್ಯ ತುಂಬಲಾರದವನು. ತಕ್ಕಡಿಗೆ ಎರಡು ತಟ್ಟೆ. ನಮ್ಮ ಆಸ್ಪತ್ರೆಯ ಚೀಟಿಯಲ್ಲಿ ರೋಗಿಯ ಐದನ್ನು ಬರೆಯಲು ಜಾಗವಿದೆ, ಆಸ್ಪತ್ರೆಯ ಐದನ್ನು ಬರೆಯಲು ಜಾಗವಿಲ್ಲ.

ಕವಿಗಳು ಭಾವಾವೇಶದಿಂದ ಬರೆಯುತ್ತಾರೆ ಎನ್ನುವವರಿಗೆ ಲೆಕ್ಕವನ್ನೇ ಕೊಡೋಣ. ನಮ್ಮ ಕಾಡಿನಾಚೆಯ ಕೇರಳದಲ್ಲಿ, ತಿರುವನಂತಪುರದ ಆಸ್ಪತ್ರೆಗಳಲ್ಲಿ, 2013ರಲ್ಲಿ ಹೃದಯ ವೈಫಲ್ಯದಿಂದ ದಾಖಲಾದ 1205 ಜನರ ವಿವರ ಬರೆದಿಟ್ಟು ಹಿಂಬಾಲಿಸಿದರು. ಅವರ ಸರಾಸರಿ ವಯಸ್ಸು 61. ಅರ್ಧಕ್ಕಿಂತ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿತ್ತು. ಮನೆಗೆ ಹೋಗುವಾಗ ಬೇಕಾದ ಔಷಧಿಗಳು ಸರಿಯಾಗಿ ಸಿಕ್ಕಿದ್ದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ತೀರಿಕೊಂಡರು. ನಾಲ್ವರಲ್ಲಿ ಮೂವರಿಗೆ ಪೂರ್ತಿ ಔಷಧಿಯನ್ನೇ ಬರೆಯದಿದ್ದಾಗ, ಅದನ್ನು ನುಂಗಲಿಲ್ಲವೆಂದು ಯಾರನ್ನು ಬೈಯುವುದು?

ಇನ್ನೊಂದು ಲೆಕ್ಕ 2022ರದು. ಆಫ್ರಿಕದ ಬಡ ದೇಶಗಳೂ ಸೇರಿದಂತೆ 14 ದೇಶಗಳ 1078 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪನ್ನು ಎಲ್ಲ ಕಡೆ ನಡೆಯುವಂತೆ ಮನೆಗೆ ಕಳಿಸಿದರು. ಇನ್ನೊಂದು ಗುಂಪಿಗೆ ಹಳೆಯ, ಗೊತ್ತಿರುವ ಔಷಧಿಗಳನ್ನೇ ಬೇಗ ಬೇಗ ಪೂರ್ತಿ ಪ್ರಮಾಣಕ್ಕೆ ಏರಿಸಿ, ಮನೆಗೆ ಕಳಿಸಿದ ಮೇಲೆ ಒಂದು, ಎರಡು, ಮೂರು, ಆರನೆಯ ವಾರಗಳಲ್ಲಿ ಮತ್ತೆ ಕರೆದು, ಮೈ ಮುಟ್ಟಿ, ರಕ್ತ ಪರೀಕ್ಷಿಸಿ ನೋಡಿದರು. ಆರು ತಿಂಗಳೊಳಗೆ ಸತ್ತವರು ಅಥವಾ ಹೃದಯ ಸೋತು ಮತ್ತೆ ಆಸ್ಪತ್ರೆ ಸೇರಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 23, ಎರಡನೆಯದರಲ್ಲಿ ನೂರಕ್ಕೆ 15. ಹೊಸ ಯಂತ್ರ ಬಂದಿರಲಿಲ್ಲ, ಹೊಸ ಮದ್ದು ಬಂದಿರಲಿಲ್ಲ. ಹಳೆಯ ಮದ್ದನ್ನು ಪೂರ್ತಿ ಕೊಟ್ಟು, ಕಳಿಸಿದ ಮೇಲೂ ಕೈ ಬಿಡದೆ ನೋಡಿದರು, ಅಷ್ಟೇ.

ಡಾಕ್ಟರರ ಕಷ್ಟ ನಮಗೆ ಗೊತ್ತಿಲ್ಲವೆಂದಲ್ಲ. ನಿದ್ದೆಗೆಟ್ಟ ಒಬ್ಬ ಕಿರಿಯ ವೈದ್ಯ, ಬಾಗಿಲಾಚೆವರೆಗೂ ನಿಂತ ಸಾಲು, ಖಾಲಿಯಾಗದ ಮಂಚ. ಅವನೂ ಈ ವ್ಯವಸ್ಥೆಯ ಕೂಲಿಯೇ. ನಮ್ಮವರಲ್ಲೂ ಹೊಗೆಸೊಪ್ಪು, ಹೆಂಡ ಬಿಡದವರಿದ್ದಾರೆ, ಅದನ್ನು ಮುಚ್ಚಿಟ್ಟು ಬಂಡಾಯ ಮಾತಾಡುವುದು ಕಳ್ಳತನ. ಆದರೆ ಹೊಣೆ ಬೇರೆ, ದೂಷಣೆ ಬೇರೆ. ಮಾಡುವ ದಾರಿ ತೋರಿಸಿ ಮಾಡು ಎಂದರೆ ಅದು ಹೊಣೆ. ದಾರಿಯನ್ನು ಮುಚ್ಚಿ ಯಾಕೆ ನಡೆಯಲಿಲ್ಲ ಎಂದರೆ ಅದು ದೂಷಣೆ.

ಹಾಗಾದರೆ ಆಸ್ಪತ್ರೆ ಏನು ಮಾಡಬೇಕು? ನಾವು ಕೇಳುವುದು ಅರಮನೆಯನ್ನಲ್ಲ. ಸಕ್ಕರೆ ಮತ್ತು ಹೃದಯ ಎರಡೂ ಇರುವವರನ್ನು ಒಂದೇ ದಿನ, ಒಂದೇ ಕೋಣೆಯಲ್ಲಿ, ಒಂದೇ ಚೀಟಿಯಲ್ಲಿ ನೋಡಲಿ. ಮನೆಗೆ ಕಳಿಸುವ ಮುನ್ನ ಕಾಲು ಒತ್ತಿ ನೋಡಲಿ, ತೂಕ ಬರೆಯಲಿ. ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿದರೆ ಅದು ಕೊಬ್ಬಲ್ಲ, ನೀರು, ತಡಮಾಡದೆ ಬರಬೇಕು ಎಂದು ಕನ್ನಡದಲ್ಲಿ, ಅಕ್ಷರ ಬಾರದವರಿಗೆ ಗುರುತು ಹಾಕಿ ತಿಳಿಸಲಿ. ಎಷ್ಟು ಹೊತ್ತಿಗೆ ಕೂಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಉಣ್ಣುತ್ತೀರಿ ಎಂದು ಕೇಳಿ ಮಾತ್ರೆ ಬರೆಯಲಿ. ನೀರಿಳಿಸುವ ಮಾತ್ರೆಯನ್ನು ಕೆಲಸದಿಂದ ಮನೆಗೆ ಬಂದ ಮೇಲೆ ನುಂಗಬಹುದೆಂದು ಒಬ್ಬರು ಹೇಳಿದ್ದರೂ ದೊಡ್ಡವ್ವನ ಸೆರಗಿನ ಗಂಟು ಬಿಚ್ಚುತ್ತಿತ್ತು. ಪಥ್ಯದ ಹಾಳೆಯಲ್ಲಿ ಉಪ್ಸಾರೂ ಒಣಮೀನೂ ಉಪ್ಪಿನಕಾಯಿಯೂ ಇರಲಿ, ಎಷ್ಟು, ಹೇಗೆ ಎಂದು ಇರಲಿ. ತಿಂಗಳ ಮಾತ್ರೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸಿಗಲಿ. ಮೊದಲ ವಾರದಲ್ಲೇ ಆಶಾ ಕಾರ್ಯಕರ್ತೆ ಮನೆಗೆ ಹೋಗಲಿ, ಆ ಕೆಲಸಕ್ಕೆ ಅವಳಿಗೆ ತಕ್ಕ ಕೂಲಿಯೂ ಸಿಗಲಿ. ಎಲ್ಲಕ್ಕಿಂತ ಮೊದಲು, ಮುದುಕಿಯನ್ನು 'ನೀವು' ಎನ್ನಲಿ. ಅದಕ್ಕೆ ಬಜೆಟ್ ಬೇಡ.

ಇದು ಆಗದ ಮಾತಲ್ಲ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೇ ಕೋಟೆ ಸೀಮೆಯ ಕಾಡಂಚಿಗೆ ಬಂದು, ಕೆಂಚನಹಳ್ಳಿಯಲ್ಲೂ ಸರಗೂರಿನಲ್ಲೂ ಆಸ್ಪತ್ರೆ ತೆರೆಯಿತು. ಮನಸ್ಸು ಮಾಡಿದರೆ ಆಸ್ಪತ್ರೆಯೇ ಕಾಡಿಗೆ ನಡೆದು ಬರಬಲ್ಲದು. ಆದರೆ ಸುದ್ದಿಯಾಗುವುದು ಬೇರೆ. 2025ರ ಜುಲೈನಲ್ಲಿ ಹಾಸನದ ಕಡೆ ಎಳೆಯ ವಯಸ್ಸಿನವರ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಮುಗಿಬಿದ್ದರು. ಆ ಭಯ ಸುಳ್ಳಲ್ಲ. ಆದರೆ ಗೋಡೆಗೆ ಒರಗಿ, ಕೂತೇ ರಾತ್ರಿ ಕಳೆದು, ತಿಂಗಳುಗಟ್ಟಲೆ ಸಾಯುವ ಕೂಲಿ ಹೆಂಗಸಿನ ಸಾವಿಗೆ ಸಾಲು ನಿಲ್ಲುವುದಿಲ್ಲ. ನಿಧಾನದ ಸಾವು ಸುದ್ದಿಯಲ್ಲ. ನಮ್ಮವರ ಸಾವುಗಳೆಲ್ಲ ನಿಧಾನದವೇ.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಇದರಲ್ಲಿ ನಮ್ಮ ಪಾಲೂ ಇದೆ. ಕೂಸುಗಳ ಆರೈಕೆಗೆಂದು ಊರೂರಿನಲ್ಲಿ ಅಂಗನವಾಡಿಯಿದೆ, ಆರೋಗ್ಯ ಉಪಕೇಂದ್ರವಿದೆ. ದೊಡ್ಡವರೂ ನಿಂತು ತೂಗಿಕೊಳ್ಳುವ ಒಂದು ತಕ್ಕಡಿಯನ್ನು ಅಲ್ಲಿ ಇಡಿಸಿ, ಕಾಲೂದಿದ ಮುದುಕ ಮುದುಕಿಯರನ್ನು ದಿನಾ ನಿಲ್ಲಿಸಿ ತೂಕ ಬರೆದಿಡಲು ಅಕ್ಷರ ಬಲ್ಲ ಒಂದು ಹುಡುಗಿ ಸಾಕು. ಆಸ್ಪತ್ರೆಯ ಚೀಟಿ ಓದಿ ಹೇಳುವ ಕೆಲಸ ನಮ್ಮಂಥವರಿಗೆ ಬಂದಾಗ, ಅದರಲ್ಲಿ ಬರೆದದ್ದನ್ನು ಒಪ್ಪಿಸುವ ಗಿಳಿಗಳಾಗುವುದು ಬೇಡ. "ಯಾಕೆ ಬಿಟ್ಟೆ ಅವ್ವ?" ಎಂದು ಮೊದಲು ಅವರನ್ನು ಕೇಳೋಣ. ಅವರು ಹೇಳಿದ್ದನ್ನು ಡಾಕ್ಟರ ಮೇಜಿನ ಮುಂದೆ ಎದ್ದು ನಿಂತು ಹೇಳೋಣ. ಅಕ್ಷರ ನಮಗೆ ಬಂದದ್ದು ಅದಕ್ಕೆ.

ನಾವು ಕವಿತೆಗಳಲ್ಲಿ ಎಷ್ಟು ಸಲ ಎದೆ ಎಂದು ಬರೆದಿದ್ದೇವೆಂದು ಎಣಿಸಿಲ್ಲ. ಎದೆಯ ಬೆಂಕಿ, ಎದೆಯ ಹಾಡು, ಎದೆಯ ಗಾಯ. ಅಷ್ಟನ್ನೆಲ್ಲ ಬರೆಯುತ್ತಿದ್ದಾಗ ಪಕ್ಕದ ಗುಡಿಸಲಿನಲ್ಲಿ ಒಂದು ಎದೆ ಸೋಲುತ್ತಿತ್ತು. ಅವಳ ಕಾಲಿನ ಮೇಲೆ ನಾವು ಮೊದಲ ಬಾರಿ ಹೆಬ್ಬೆರಳು ಊರಿದ್ದು ಹೆಣ ತೊಳೆಯುವಾಗ. ಗುಳಿ ಬಿತ್ತು. ಮಣ್ಣಿಗೆ ಎತ್ತುವವರೆಗೂ ಅದು ಮುಚ್ಚಲಿಲ್ಲ.

ದೊಡ್ಡವ್ವ, ತೆಪ್ಪು ನಿಂದಲ್ಲ ಕನವ್ವ.